ಕಾರಿಗೆ ಮಿತಿ ಹಾಕಿದರೆ ಬಸ್ಸು ಬೇಗ ಬರುತ್ತದಾ?

ನಗರದ ರಸ್ತೆಯಲ್ಲಿ ಮೂರು ಮೀಟರ್ ಚಿಲ್ಲರೆ ಅಗಲದ ಒಂದು ಲೇನನ್ನು ಕಾರುಗಳಿಗೆ ಬಿಟ್ಟರೆ ಗಂಟೆಗೆ 600ರಿಂದ 1,600 ಜನ ದಾಟುತ್ತಾರೆ. ಅದೇ ಲೇನನ್ನು ಬಸ್ಸಿಗೆ ಮಾತ್ರ ಮೀಸಲಿಟ್ಟು, ಒಂದರ ಹಿಂದೆ ಒಂದು ಬಸ್ಸು ಬಿಟ್ಟರೆ 4,000ದಿಂದ 8,000 ಜನ ದಾಟಬಹುದು. ರಸ್ತೆ ವಿನ್ಯಾಸ ಮಾಡುವ ಎಂಜಿನಿಯರುಗಳು ಬಳಸುವ ಅಂದಾಜು ಇದು. ಇಷ್ಟೊಂದು ಅಂತರಕ್ಕೆ ಕಾರಣ ಕಣ್ಣೆದುರೇ ಇದೆ. ಕೆಲಸಕ್ಕೆ ಹೋಗುವ ಹೊತ್ತಿನಲ್ಲಿ ಹೆಚ್ಚಿನ ಕಾರುಗಳಲ್ಲಿ ಇರುವುದು ಒಬ್ಬರೇ. ಆ ಒಬ್ಬರ ಜೊತೆ ನಾಲ್ಕು ಖಾಲಿ ಸೀಟು, ಒಂದು ಟನ್‌ಗಿಂತ ಜಾಸ್ತಿ ಲೋಹ, ಮುಂದೆ ಹಿಂದೆ ಬಿಡಲೇಬೇಕಾದ ಜಾಗ, ಎಲ್ಲವೂ ರಸ್ತೆಯ ಮೇಲೆ ಸಾಗುತ್ತದೆ.

ದೊಡ್ಡ ನಗರಗಳಲ್ಲಿ ಖಾಸಗಿ ಕಾರಿನ ಬಳಕೆಗೆ ಮಿತಿ ಹಾಕಬೇಕಾ ಎಂಬ ಮಾತು ಬಂದ ಕೂಡಲೇ ಅದು ಸ್ವಾತಂತ್ರ್ಯದ ಜಗಳವಾಗುತ್ತದೆ. ನನ್ನ ದುಡ್ಡು, ನನ್ನ ಕಾರು, ತೆರಿಗೆಯನ್ನೂ ಕಟ್ಟಿದ್ದೇನೆ, ತಡೆಯೋಕೆ ನೀವ್ಯಾರು? ಈ ಸಿಟ್ಟು ಸುಮ್ನೆ ಬಂದದ್ದಲ್ಲ. ಆದರೆ ಹೀಗೆ ಕೇಳುವವರು ಒಂದನ್ನು ಮರೆಯುತ್ತಾರೆ. ಮಿತಿ ಈಗಲೂ ಇದೆ. ಬೆಳಗ್ಗೆ ಒಂಬತ್ತಕ್ಕೆ ಹೊರಡುವ ಎಲ್ಲರಿಗೂ ರಸ್ತೆಯಲ್ಲಿ ಜಾಗ ಇಲ್ಲ. ಇರುವ ಜಾಗವನ್ನು ಹಂಚುತ್ತಿರುವುದು ಟ್ರಾಫಿಕ್ ಜಾಮ್. ಯಾರು ಅದರಲ್ಲಿ ನಿಂತು ಕಾಯುತ್ತಾರೋ ಅವರಿಗೆ ಜಾಗ ಸಿಗುತ್ತದೆ.

ಈ ಹಂಚಿಕೆಯಲ್ಲಿ ದೊಡ್ಡ ಅನ್ಯಾಯ ಇದೆ. ಜಾಮ್‌ಗೆ ಕಾರಣವಾದ ಕಾರೂ ಕಾಯುತ್ತದೆ, ಐವತ್ತು ಜನರನ್ನು ಹೊತ್ತ ಬಸ್ಸೂ ಅದರ ಹಿಂದೆಯೇ ಕಾಯುತ್ತದೆ. ಆಂಬುಲೆನ್ಸ್ ಕಾಯುತ್ತದೆ. ಕಾರಿನವರು ತಂಪಾಗಿ ಕೂತು ಕಾಯುತ್ತಾರೆ. ಬಸ್ಸಿನವರು ನಿಂತುಕೊಂಡು, ಒಬ್ಬರ ಮೇಲೊಬ್ಬರು ಬೀಳುತ್ತಾ ಕಾಯುತ್ತಾರೆ. ರಸ್ತೆಯಲ್ಲಿ ಅತಿ ಕಡಿಮೆ ಜಾಗ ಬಳಸಿದವರಿಗೇ ಜಾಸ್ತಿ ಕಷ್ಟ.

ಹಾಗಾಗಿ ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ನಗರದ ನಡುಭಾಗದಲ್ಲಿ, ದಟ್ಟಣೆಯ ಹೊತ್ತಿನಲ್ಲಿ, ಕಾರಿಗೆ ಮಿತಿ ಬೇಕು. ಆದರೆ ಮಿತಿ ಹಾಕುವ ದಾರಿಗಳು ಹಲವು. ಕೆಲವು ಚೆನ್ನಾಗಿ ಕೆಲಸ ಮಾಡಿವೆ, ಕೆಲವು ಕೆಡುಕನ್ನೇ ತಂದಿವೆ. ಯಾವುದು ಒಳ್ಳೆಯದು ಎಂದು ನೋಡಲು ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಅದು ಜಾರಿಗೆ ಬಂದ ಮೇಲೆ ಬಸ್ಸು ಮೊದಲಿಗಿಂತ ಬೇಗ ಓಡುತ್ತದಾ? ಓಡಿದರೆ ಕಾರು ಇಲ್ಲದವರಿಗೆ ಲಾಭ, ಕಾರು ಬಿಟ್ಟು ಬರುವವರಿಗೂ ಒಂದು ದಾರಿ. ಓಡದಿದ್ದರೆ ಒಬ್ಬರ ತೊಂದರೆಯನ್ನು ಇನ್ನೊಬ್ಬರ ತಲೆಗೆ ಕಟ್ಟಿದಂತೆ ಅಷ್ಟೇ.

ರಸ್ತೆಯನ್ನೇ ಅಗಲ ಮಾಡಬಾರದಾ?

ಇದು ಎಲ್ಲರಿಗೂ ಮೊದಲು ಹೊಳೆಯುವ ಪರಿಹಾರ. ಜಾಗ ಸಾಲದಿದ್ದರೆ ಜಾಗ ಹೆಚ್ಚಿಸಿ, ಫ್ಲೈಓವರ್ ಕಟ್ಟಿ. ಅಮೆರಿಕದ ಹ್ಯೂಸ್ಟನ್ ನಗರ ಇದನ್ನು ಕೊನೆಯವರೆಗೂ ಮಾಡಿ ನೋಡಿತು. ಅಲ್ಲಿನ ಕೇಟಿ ಫ್ರೀವೇಯನ್ನು 2008ರ ಹೊತ್ತಿಗೆ ಕೆಲವು ಕಡೆ 26 ಲೇನ್‌ಗಳವರೆಗೆ ಅಗಲ ಮಾಡಲಾಯಿತು. ಪಕ್ಕದ ಸೇವಾ ರಸ್ತೆಗಳನ್ನೂ ಸೇರಿಸಿದ ಲೆಕ್ಕ ಅದು. ಕೆಲವೇ ವರ್ಷಗಳಲ್ಲಿ ದಟ್ಟಣೆಯ ಹೊತ್ತಿನ ಪ್ರಯಾಣದ ಸಮಯ ಮತ್ತೆ ಏರತೊಡಗಿತು.

ಯಾಕೆ ಹೀಗೆ? ರಸ್ತೆ ಸಲೀಸಾದರೆ ಮೊದಲು ಬೇರೆ ಹೊತ್ತಿನಲ್ಲಿ ಹೊರಡುತ್ತಿದ್ದವರು ಈ ಹೊತ್ತಿಗೆ ಬರುತ್ತಾರೆ. ಬಸ್ಸಿನಲ್ಲಿ ಹೋಗುತ್ತಿದ್ದವರು ಕಾರು ತೆಗೆಯುತ್ತಾರೆ. ಇನ್ನೂ ದೂರದಲ್ಲಿ ಮನೆ ಕಟ್ಟಿದರೂ ನಡೆಯುತ್ತದೆ ಅನ್ನಿಸುತ್ತದೆ. ಹೊಸ ಜಾಗ ತುಂಬಿಹೋಗುತ್ತದೆ. ಅರ್ಥಶಾಸ್ತ್ರಜ್ಞರಾದ ಗಿಲ್ ಡುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ 2011ರಲ್ಲಿ ಅಮೆರಿಕದ ನಗರಗಳ ಹೆದ್ದಾರಿಗಳ ಲೆಕ್ಕ ತೆಗೆದರು. ರಸ್ತೆ ಎಷ್ಟು ಪಾಲು ಹೆಚ್ಚಿತೋ, ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚಿತ್ತು.

ಇದರ ಉಲ್ಟಾ ಕೂಡ ನಡೆದಿದೆ. ದಕ್ಷಿಣ ಕೊರಿಯಾದ ಸೋಲ್ ನಗರ 2003ರಲ್ಲಿ ಊರ ನಡುವಿನ ಒಂದು ಎತ್ತರದ ಎಕ್ಸ್‌ಪ್ರೆಸ್‌ವೇಯನ್ನು ಕೆಡವಿ, ಅದರ ಕೆಳಗೆ ಮುಚ್ಚಿಹೋಗಿದ್ದ ಚಂಗ್ಯೆಚನ್ ಹೊಳೆಯನ್ನು ಮತ್ತೆ ತೆರೆಯಿತು. ಊರೇ ನಿಂತುಹೋಗುತ್ತದೆ ಎಂದು ಹೆದರಿದವರಿದ್ದರು. ನಿಲ್ಲಲಿಲ್ಲ. ಆದರೆ ಇಲ್ಲಿ ಒಂದು ಮಾತು ಸೇರಿಸಲೇಬೇಕು. 2004ರ ಜುಲೈನಲ್ಲಿ ಸೋಲ್ ತನ್ನ ಇಡೀ ಬಸ್ ವ್ಯವಸ್ಥೆಯನ್ನು ಹೊಸದಾಗಿ ಜೋಡಿಸಿತು. ಮಾರ್ಗಗಳು ಬದಲಾದವು, ರಸ್ತೆಯ ನಡುವೆ ಬಸ್ ಲೇನ್‌ಗಳು ಬಂದವು, ಬಸ್ಸಿಗೂ ಮೆಟ್ರೊಗೂ ಒಂದೇ ಕಾರ್ಡಿನ ದರ ಬಂತು. ಇದೆಲ್ಲ ಇಲ್ಲದೆ ಬರೀ ಎಕ್ಸ್‌ಪ್ರೆಸ್‌ವೇ ಕೆಡವಿದ್ದರೆ ಕಥೆ ಬೇರೆಯೇ ಆಗಬಹುದಿತ್ತು.

ನಂಬರ್ ಪ್ಲೇಟ್ ನೋಡಿ ತಡೆಯುವುದು

ಆಡಳಿತಕ್ಕೆ ಅತಿ ಸುಲಭವಾಗಿ ಕಾಣುವ ಮಿತಿ ಇದು. ಕ್ಯಾಮೆರಾ ಬೇಡ, ಲೆಕ್ಕಪತ್ರ ಬೇಡ, ಒಂದು ಆದೇಶ ಸಾಕು. ಮೆಕ್ಸಿಕೊ ಸಿಟಿಯಲ್ಲಿ 1989ರ ನವೆಂಬರ್‌ನಲ್ಲಿ ಇಂಥ ನಿಯಮ ಬಂತು. ನಂಬರಿನ ಕೊನೆಯ ಅಂಕಿ ನೋಡಿ, ವಾರದಲ್ಲಿ ಒಂದು ದಿನ ಆ ಕಾರು ಹೊರಗೆ ಬರಬಾರದು. ಗಾಳಿ ಅಷ್ಟೊಂದು ಕೆಟ್ಟಿತ್ತು, ಏನಾದರೂ ಮಾಡಲೇಬೇಕಿತ್ತು.

ಜನ ಏನು ಮಾಡಿದರು? ಕೈಯಲ್ಲಿ ದುಡ್ಡಿದ್ದವರು ಇನ್ನೊಂದು ಕಾರು ಕೊಂಡರು, ಬೇರೆ ಅಂಕಿಯದ್ದು. ವಾರಕ್ಕೊಂದು ದಿನದ ಓಡಾಟಕ್ಕೆ ಯಾರೂ ಹೊಸ ಕಾರು ಕೊಳ್ಳುವುದಿಲ್ಲ ಅಲ್ವಾ? ಹಳೆಯ, ಹೊಗೆ ಕಾರುವ ಗಾಡಿಗಳು ಊರಿಗೆ ಬಂದವು. ಮನೆಯಲ್ಲಿ ಎರಡನೇ ಕಾರು ಬಂದ ಮೇಲೆ ಉಳಿದ ದಿನಗಳಲ್ಲಿ ಅದೂ ಓಡಿತು. ಅರ್ಥಶಾಸ್ತ್ರಜ್ಞ ಲ್ಯೂಕಸ್ ಡೇವಿಸ್ 2008ರಲ್ಲಿ ಗಾಳಿಯ ಗುಣಮಟ್ಟದ ಅಂಕಿಗಳನ್ನು ಹಿಡಿದು ನೋಡಿದಾಗ, ಈ ನಿಯಮದಿಂದ ಗಾಳಿ ಸುಧಾರಿಸಿದ್ದಕ್ಕೆ ಯಾವ ಗುರುತೂ ಸಿಗಲಿಲ್ಲ.

ದೆಹಲಿ 2016ರ ಜನವರಿ ಮತ್ತು ಏಪ್ರಿಲ್‌ನಲ್ಲಿ, ಆಮೇಲೆ 2019ರ ನವೆಂಬರ್‌ನಲ್ಲಿ ಸಮ-ಬೆಸ ನಿಯಮ ಮಾಡಿ ನೋಡಿತು. ಪ್ರತಿ ಸಲ ಹೆಚ್ಚೆಂದರೆ ಹದಿನಾರು ದಿನ. ದ್ವಿಚಕ್ರ ವಾಹನಗಳಿಗೆ ವಿನಾಯಿತಿ ಇತ್ತು, ಒಬ್ಬರೇ ಓಡಿಸುವ ಮಹಿಳೆಯರಿಗೂ ಇತ್ತು. ರಸ್ತೆಗಳು ಸ್ವಲ್ಪ ಹಗುರಾದವು ಎಂದು ಜನ ಹೇಳಿದರು. ಗಾಳಿಯ ವಿಚಾರದಲ್ಲಿ ವಾದವಿವಾದ ಮುಗಿಯಲೇ ಇಲ್ಲ. ಇಂಥ ನಿಯಮ ಕೆಲವು ದಿನದ ತುರ್ತಿಗೆ ಸರಿ. ಗಾಳಿ ವಿಷವಾದ ವಾರದಲ್ಲಿ ಮಕ್ಕಳು, ವಯಸ್ಸಾದವರ ಶ್ವಾಸ ಉಳಿಸಲು ಅದನ್ನು ಬಳಸಲಿ. ವರ್ಷಗಟ್ಟಲೆ ಇಟ್ಟರೆ ಜನ ದಾರಿ ಹುಡುಕಿಕೊಳ್ಳುತ್ತಾರೆ.

ಆದರೂ ನಿಯಮದ ಮೂಲಕ ತಡೆಯುವುದೆಲ್ಲ ವ್ಯರ್ಥ ಎಂದು ಹೇಳಲು ನನಗೆ ಧೈರ್ಯವಿಲ್ಲ. ಅದಕ್ಕೆ ಕಾರಣ ಇಂಡೊನೇಷ್ಯಾದ ಜಕಾರ್ತ. ಅಲ್ಲಿ ಕೆಲವು ಮುಖ್ಯ ರಸ್ತೆಗಳಲ್ಲಿ ದಟ್ಟಣೆಯ ಹೊತ್ತಿಗೆ ಕಾರಿನಲ್ಲಿ ಕನಿಷ್ಠ ಮೂವರು ಇರಬೇಕು ಎಂಬ ನಿಯಮ ಬಹಳ ವರ್ಷ ಇತ್ತು. ಇದನ್ನು ತಪ್ಪಿಸಲು ದುಡ್ಡು ಕೊಟ್ಟು ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಪದ್ಧತಿಯೇ ಬೆಳೆದಿತ್ತು. ರಸ್ತೆ ಬದಿಯಲ್ಲಿ ಮಕ್ಕಳನ್ನು ಎತ್ತಿಕೊಂಡು ನಿಂತ ತಾಯಂದಿರೂ ಇದ್ದರು, ಮಗುವನ್ನೂ ಸೇರಿಸಿ ಇಬ್ಬರ ಲೆಕ್ಕ. ಈ ಅವಸ್ಥೆ ನೋಡಿ 2016ರ ಏಪ್ರಿಲ್‌ನಲ್ಲಿ ನಿಯಮವನ್ನೇ ತೆಗೆದರು. ಇಷ್ಟೊಂದು ಮೋಸ ನಡೆಯುತ್ತಿದ್ದ ನಿಯಮ ಹೋದರೆ ಏನು ವ್ಯತ್ಯಾಸವಾದೀತು ಎಂದು ಯಾರಿಗಾದರೂ ಅನ್ನಿಸುತ್ತದೆ. ಸಂಶೋಧಕರು ಮೊಬೈಲ್ ನಕ್ಷೆಯ ಮಾಹಿತಿ ಹಿಡಿದು ಅಳೆದರು. ಆ ರಸ್ತೆಗಳಲ್ಲಿ ಒಂದು ಕಿಲೋಮೀಟರ್ ಸಾಗಲು ಬೆಳಗ್ಗೆ 2.1 ನಿಮಿಷ ಬೇಕಾಗುತ್ತಿದ್ದದ್ದು 3.1 ನಿಮಿಷಕ್ಕೆ ಏರಿತ್ತು. ಸಂಜೆ 2.8 ನಿಮಿಷ ಇದ್ದದ್ದು 5.3 ಆಗಿತ್ತು. ನಿಯಮವೇ ಇಲ್ಲದ ಪಕ್ಕದ ರಸ್ತೆಗಳಲ್ಲೂ ಜಾಮ್ ಹೆಚ್ಚಿತ್ತು. ತೂತುಬಿದ್ದ ನಿಯಮ ಕೂಡ ಅಷ್ಟು ಕೆಲಸ ಮಾಡುತ್ತಿತ್ತು. ಕಾರಿನಲ್ಲಿ ಎಷ್ಟು ಜನ ಇದ್ದಾರೆ ಎಂದು ಕೇಳುವ ನಿಯಮ, ನಂಬರ್ ಏನು ಎಂದು ಕೇಳುವ ನಿಯಮಕ್ಕಿಂತ ಮೇಲು ಎಂದು ನನಗೆ ಅನ್ನಿಸುವುದು ಇದಕ್ಕೇ.

ರಸ್ತೆಗೂ ಒಂದು ಬೆಲೆ

ತುಂಬಿದ ರಸ್ತೆಗೆ ಇನ್ನೊಂದು ಕಾರು ಬಂದರೆ ಅದರ ಚಾಲಕನಿಗೆ ತನ್ನ ಸಮಯ ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಆದರೆ ಅವನ ಹಿಂದೆ ಇರುವ ನೂರಾರು ಜನ ತಲಾ ಕೆಲವು ಸೆಕೆಂಡು ತಡವಾಗುತ್ತಾರೆ. ಆ ಸೆಕೆಂಡುಗಳನ್ನು ಕೂಡಿಸಿದರೆ ಅವನ ಸ್ವಂತ ವಿಳಂಬಕ್ಕಿಂತ ಜಾಸ್ತಿ ಆಗಬಹುದು. ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞ 1950ರ ದಶಕದಲ್ಲೇ ಇದನ್ನು ಹಿಡಿದು ಹೇಳುತ್ತಿದ್ದರು. ಹೊತ್ತಿಗೆ ತಕ್ಕಂತೆ, ಜಾಗಕ್ಕೆ ತಕ್ಕಂತೆ ರಸ್ತೆಗೆ ಶುಲ್ಕ ಇಡಿ, ಎಲೆಕ್ಟ್ರಾನಿಕ್ ಸಾಧನದಿಂದ ಲೆಕ್ಕ ಇಟ್ಟು ಬಿಲ್ ಕಳಿಸಿ ಎಂಬುದು ಅವರ ಸಲಹೆ. ಆಗ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1996ರಲ್ಲಿ ಅವರಿಗೆ ನೊಬೆಲ್ ಬಂತು. ಘೋಷಣೆಯಾದ ಮೂರೇ ದಿನಕ್ಕೆ ತೀರಿಕೊಂಡರು.

ಮೊದಲು ಜಾರಿಗೆ ತಂದದ್ದು ಸಿಂಗಪುರ, 1975ರಲ್ಲಿ. ಊರ ನಡುಭಾಗಕ್ಕೆ ಬೆಳಗಿನ ಹೊತ್ತು ಬರಬೇಕಾದರೆ ಕಾರಿನ ಗಾಜಿಗೆ ಕಾಗದದ ಪರವಾನಗಿ ಅಂಟಿಸಿರಬೇಕು. ನಾಲ್ಕು ಜನ ಕೂತ ಕಾರಿಗೆ ಶುಲ್ಕ ಇರಲಿಲ್ಲ. 1998ರಲ್ಲಿ ಇದು ಎಲೆಕ್ಟ್ರಾನಿಕ್ ಆಯಿತು. ಅಲ್ಲಿನ ದರ ನಿಗದಿ ಮಾಡುವ ಕ್ರಮ ನನಗೆ ತುಂಬಾ ಇಷ್ಟ. ದರವನ್ನು ಮನಬಂದಂತೆ ಇಡುವುದಿಲ್ಲ, ವೇಗ ನೋಡಿ ಇಡುತ್ತಾರೆ. ಎಕ್ಸ್‌ಪ್ರೆಸ್‌ವೇಯಲ್ಲಿ ಗಂಟೆಗೆ 45ರಿಂದ 65 ಕಿಲೋಮೀಟರ್, ಮುಖ್ಯ ರಸ್ತೆಗಳಲ್ಲಿ 20ರಿಂದ 30 ಕಿಲೋಮೀಟರ್ ವೇಗ ಉಳಿಯಬೇಕು ಎಂಬುದು ಗುರಿ. ವೇಗ ಇಳಿದರೆ ದರ ಏರುತ್ತದೆ, ರಸ್ತೆ ಖಾಲಿಯಾದರೆ ದರ ಇಳಿಯುತ್ತದೆ. ಮೂರು ತಿಂಗಳಿಗೊಮ್ಮೆ ನೋಡುತ್ತಾರೆ. ಹೀಗೆ ಮಾಡಿದಾಗ ಶುಲ್ಕ ಯಾಕೆ ಎಂದು ಸಾಮಾನ್ಯರಿಗೂ ಅರ್ಥವಾಗುತ್ತದೆ.

ಲಂಡನ್‌ನಲ್ಲಿ 2003ರ ಫೆಬ್ರುವರಿ 17ರಂದು ಮೇಯರ್ ಕೆನ್ ಲಿವಿಂಗ್‌ಸ್ಟನ್ ಕಾಲದಲ್ಲಿ ಊರ ನಡುವಿನ ವಲಯಕ್ಕೆ ಬರುವ ಕಾರಿಗೆ ದಿನಕ್ಕೆ 5 ಪೌಂಡಿನ ಶುಲ್ಕ ಶುರುವಾಯಿತು. ಅದೇ ದಿನ ಸುಮಾರು 300 ಹೆಚ್ಚುವರಿ ಬಸ್ಸುಗಳು ರಸ್ತೆಗಿಳಿದವು. ಮೊದಲ ವರ್ಷಗಳಲ್ಲಿ ವಲಯದೊಳಗೆ ಬರುವ ವಾಹನ ಶೇ 18ರಷ್ಟು, ಜಾಮ್‌ನಿಂದಾಗುವ ವಿಳಂಬ ಶೇ 30ರಷ್ಟು ಕಡಿಮೆಯಾಯಿತು. ಆದರೆ ಹತ್ತು ವರ್ಷ ಕಳೆಯುವುದರೊಳಗೆ ವಿಳಂಬ ಮತ್ತೆ ಹಳೆಯ ಮಟ್ಟಕ್ಕೆ ಬಂತು. ಕಾರಣಗಳು ಹಲವು. ನೀರು, ಗ್ಯಾಸಿನ ಹಳೆಯ ಕೊಳವೆ ಬದಲಿಸಲು ರಸ್ತೆ ಅಗೆದರು. ಪಾದಚಾರಿಗಳಿಗೆ, ಸೈಕಲ್ಲಿಗೆ, ಬಸ್ಸಿಗೆ ಜಾಗ ಬಿಟ್ಟುಕೊಟ್ಟರು, ಅದು ಒಳ್ಳೆಯದೇ. ಆಮೇಲೆ ಆ್ಯಪ್ ಮೂಲಕ ಕರೆಸುವ ಬಾಡಿಗೆ ಕಾರುಗಳು ತುಂಬಿಕೊಂಡವು. ಅವುಗಳಿಗೆ 2019ರವರೆಗೂ ವಿನಾಯಿತಿ ಇತ್ತು. ಸ್ವಂತ ಕಾರು ಬಿಟ್ಟು ಬಂದವರ ಜಾಗದಲ್ಲಿ ಬಾಡಿಗೆ ಕಾರು ಬಂದು ನಿಂತರೆ ಬಸ್ಸಿಗೆ ಏನು ಲಾಭ? ಇನ್ನೊಂದು ಕೊರತೆಯೂ ಇದೆ. ಒಮ್ಮೆ ದಿನದ ಶುಲ್ಕ ಕಟ್ಟಿದರೆ ಇಡೀ ದಿನ ಎಷ್ಟು ಸುತ್ತಿದರೂ ಅಷ್ಟೇ. ಕಟ್ಟಿದ ಮೇಲೆ ಹೆಚ್ಚು ಓಡಿಸಿದಷ್ಟೂ ಲಾಭ ಅನ್ನಿಸುತ್ತದೆ.

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್ ಏನು ಮಾಡಿತು ಎಂಬುದನ್ನು ಪ್ರತಿ ನಗರವೂ ಓದಬೇಕು. ಅಲ್ಲಿ 2005ರ ಆಗಸ್ಟ್‌ನಲ್ಲೇ ಬಸ್ಸುಗಳು ಬಂದವು. ಸುಮಾರು 200 ಹೊಸ ಬಸ್ಸು, 16 ಹೊಸ ಮಾರ್ಗ. ಶುಲ್ಕ ಬಂದದ್ದು ಅದಾಗಿ ನಾಲ್ಕು ತಿಂಗಳ ಮೇಲೆ, 2006ರ ಜನವರಿ 3ರಂದು. ಅದೂ ಪ್ರಯೋಗಕ್ಕೆ ಮಾತ್ರ, ಜುಲೈ ಕೊನೆಯವರೆಗೆ. ಹೊತ್ತಿಗೆ ತಕ್ಕಂತೆ 10, 15, 20 ಕ್ರೋನ (ಸ್ವೀಡನ್ನಿನ ಹಣ). ದಿನಕ್ಕೆ 60 ಕ್ರೋನಕ್ಕಿಂತ ಜಾಸ್ತಿ ಇಲ್ಲ. ಶುರುವಾಗುವ ಮೊದಲು ಹೆಚ್ಚಿನ ಜನ ಇದನ್ನು ವಿರೋಧಿಸುತ್ತಿದ್ದರು. ವಲಯದ ಗಡಿ ದಾಟುವ ವಾಹನಗಳು ಬೇಗನೆ ಸುಮಾರು ಶೇ 20ರಷ್ಟು ಕಡಿಮೆಯಾದವು. ಆಗಸ್ಟ್‌ನಲ್ಲಿ ಶುಲ್ಕ ನಿಂತಿತು, ಕಾರುಗಳು ಮತ್ತೆ ಬಂದವು. ಜನ ಎರಡನ್ನೂ ಕಣ್ಣಾರೆ ಕಂಡರು. ಸೆಪ್ಟೆಂಬರ್‌ನಲ್ಲಿ ಮತದಾನ ನಡೆದಾಗ ನಗರದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಶುಲ್ಕ ಇರಲಿ ಎಂದರು. 2007ರ ಆಗಸ್ಟ್‌ನಿಂದ ಅದು ಕಾಯಂ ಆಯಿತು. ವರ್ಷ ಕಳೆದಂತೆ ಬೆಂಬಲ ಇನ್ನೂ ಏರಿತು.

ಐದರಲ್ಲಿ ಒಂದು ಭಾಗ ಕಾರು ಕಡಿಮೆಯಾದರೆ ಜಾಮ್ ಐದರಲ್ಲಿ ಒಂದು ಭಾಗವಲ್ಲ, ಅದಕ್ಕಿಂತ ತುಂಬಾ ಜಾಸ್ತಿ ಕರಗುತ್ತದೆ. ತೊಟ್ಟಿಯಿಂದ ನೀರು ಉಕ್ಕುವುದು ಕೊನೆಯ ಒಂದೆರಡು ಬಿಂದಿಗೆಯಿಂದ ಅಲ್ವಾ, ರಸ್ತೆಯೂ ಹಾಗೆಯೇ. ಎಲ್ಲರ ಕಾರನ್ನೂ ಮನೆಯಲ್ಲೇ ನಿಲ್ಲಿಸಬೇಕಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ಇನ್ನೊಂದು ಸಂಗತಿ ಇನ್ನೂ ಸ್ವಾರಸ್ಯದ್ದು. ಸ್ಟಾಕ್‌ಹೋಮ್‌ನಲ್ಲಿ ಆಮೇಲೆ ಸಮೀಕ್ಷೆ ಮಾಡಿದಾಗ ಬಹಳಷ್ಟು ಜನ ತಾವು ಏನೂ ಬದಲಿಸಿಲ್ಲ ಎಂದೇ ಹೇಳಿದರು. ರಸ್ತೆಯಲ್ಲಿ ಮಾತ್ರ ಕಾರು ಕಡಿಮೆ ಇತ್ತು. ಎರಡು ಸಲ ಹೋಗುವಲ್ಲಿ ಒಂದು ಸಲ ಹೋಗುವುದು, ಅಂಗಡಿಗೆ ಬೇರೆ ದಿಕ್ಕು ಹಿಡಿಯುವುದು, ಒಂದು ದಿನ ಬಸ್ಸು ಹತ್ತುವುದು, ಹೀಗೆ ಸಣ್ಣಸಣ್ಣ ಬದಲಾವಣೆ ಸೇರಿ ಅಷ್ಟಾಗಿತ್ತು. ಬದುಕೇ ತಲೆಕೆಳಗಾಗುತ್ತದೆ ಎಂಬ ಭಯಕ್ಕೂ ನಿಜವಾಗಿ ಆದದ್ದಕ್ಕೂ ಇಷ್ಟು ಅಂತರ.

ನ್ಯೂಯಾರ್ಕ್ ತೀರಾ ಈಚಿನ ಉದಾಹರಣೆ. 2019ರಲ್ಲೇ ಕಾನೂನು ಆಗಿತ್ತು. 2024ರ ಜೂನ್ ಕೊನೆಗೆ ಶುರುವಾಗಬೇಕಿದ್ದದ್ದನ್ನು ಕೆಲವು ವಾರ ಮೊದಲು ಗವರ್ನರ್ ಕ್ಯಾಥಿ ಹೋಕಲ್ ತಡೆದರು. ಆಮೇಲೆ ದರ ಇಳಿಸಿ 2025ರ ಜನವರಿ 5ರಂದು ಶುರು ಮಾಡಿದರು. ಮ್ಯಾನ್‌ಹಟನ್‌ನ 60ನೇ ಬೀದಿಯಿಂದ ದಕ್ಷಿಣದ ಭಾಗಕ್ಕೆ ಬರಲು ಹಗಲು ಹೊತ್ತಿನಲ್ಲಿ ಕಾರಿಗೆ 9 ಡಾಲರ್. ವಲಯಕ್ಕೆ ಬರುವ ವಾಹನಗಳು ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆಯಾಗಿವೆ. ಬಂದ ಹಣ ಹಳೆಯ ಸಬ್‌ವೇ ಮತ್ತು ಬಸ್ಸಿನ ದುರಸ್ತಿಗೆ ಹೋಗಬೇಕು ಎಂದು ಕಾನೂನಿನಲ್ಲೇ ಇದೆ.

ಬಡವರಿಗೆ ಬರೆಯಾಗುತ್ತದಾ?

ಶುಲ್ಕದ ವಿರುದ್ಧ ಹೇಳುವ ಮಾತುಗಳಲ್ಲಿ ನನಗೆ ನಿಜಕ್ಕೂ ತೂಕದ್ದು ಅನ್ನಿಸುವುದು ಇದೊಂದೇ. ಹಣವಂತರಿಗೆ 9 ಡಾಲರ್ ಯಾವ ಲೆಕ್ಕ? ಅವರು ಕಟ್ಟಿ ಖಾಲಿ ರಸ್ತೆಯಲ್ಲಿ ಹಾಯಾಗಿ ಹೋಗುತ್ತಾರೆ. ತೊಂದರೆ ಆಗುವುದು ಕಷ್ಟಪಟ್ಟು ಹಳೆಯ ಕಾರು ಕೊಂಡವರಿಗೆ. ಈ ಮಾತನ್ನು ತಳ್ಳಿಹಾಕಿ ಮುಂದೆ ಹೋಗುವುದು ತಪ್ಪು.

ಮೊದಲು ನೋಡಬೇಕಾದದ್ದು, ದಟ್ಟಣೆಯ ಹೊತ್ತಿನಲ್ಲಿ ಊರ ನಡುಭಾಗಕ್ಕೆ ಕಾರಿನಲ್ಲಿ ಬರುವವರು ಯಾರು ಎಂಬುದು. ದೊಡ್ಡ ನಗರಗಳಲ್ಲಿ ಅವರು ಸರಾಸರಿಯಲ್ಲಿ ಹೆಚ್ಚು ಆದಾಯದವರೇ. ನಿಜವಾದ ಬಡವರು ಬಸ್ಸಿನಲ್ಲಿ ಇದ್ದಾರೆ, ರೈಲಿನಲ್ಲಿ ಇದ್ದಾರೆ, ನಡೆದು ಹೋಗುತ್ತಿದ್ದಾರೆ. ರಸ್ತೆ ಪುಕ್ಕಟೆ ಇದ್ದರೆ ಆ ಪುಕ್ಕಟೆಯ ದೊಡ್ಡ ಪಾಲು ಯಾರಿಗೆ ಸಿಗುತ್ತಿದೆ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನ ರಸ್ತೆಗಳಲ್ಲಿ ಸತ್ತವರು 11.9 ಲಕ್ಷ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಡೆಯುತ್ತಿದ್ದವರು, ಸೈಕಲ್ಲಿನವರು, ಬೈಕಿನವರು. ಈಗಿನ ವ್ಯವಸ್ಥೆ ಬಡವರನ್ನು ಕಾಪಾಡುತ್ತಿದೆ ಎಂದು ಹೇಳಲು ನನ್ನಿಂದ ಆಗುವುದಿಲ್ಲ.

ಆದರೂ ಸರಾಸರಿಯ ಹಿಂದೆ ಕೆಲವರು ಮರೆಯಾಗುತ್ತಾರೆ. ರಾತ್ರಿ ಪಾಳಿ ಮುಗಿಸಿ ಬರುವ ಆಸ್ಪತ್ರೆಯ ಸಿಬ್ಬಂದಿಗೆ ಬಸ್ಸೇ ಇರುವುದಿಲ್ಲ. ನಲ್ಲಿ ರಿಪೇರಿ ಮಾಡುವವರು, ಎಲೆಕ್ಟ್ರೀಷಿಯನ್, ಬಣ್ಣ ಹೊಡೆಯುವವರು ಸಾಮಾನು ಹೊತ್ತು ಬಸ್ಸು ಹತ್ತಲಾರರು. ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ ಎಷ್ಟೋ ಕಡೆ ಬಸ್ಸಿನ ಮೆಟ್ಟಿಲೇ ಗೋಡೆ. ಇವರಿಗೆ ದಾರಿ ಮಾಡದ ಯೋಜನೆಯನ್ನು ನಾನು ಒಪ್ಪುವುದಿಲ್ಲ. ಅಂಗವಿಕಲರಿಗೆ ಪೂರ್ತಿ ವಿನಾಯಿತಿ ಬೇಕು. ರಾತ್ರಿ ಶುಲ್ಕ ಇರಬಾರದು ಅಥವಾ ತೀರಾ ಕಡಿಮೆ ಇರಬೇಕು. ಕಡಿಮೆ ಆದಾಯದವರಿಗೆ ರಿಯಾಯಿತಿ ಬೇಕು, ನ್ಯೂಯಾರ್ಕ್‌ನಲ್ಲಿ ಅಂಥದ್ದೊಂದು ಇದೆ. ಆದರೆ ವಿನಾಯಿತಿಯ ಪಟ್ಟಿ ಉದ್ದವಾಗುತ್ತಾ ಹೋದರೆ ಉಳಿಯುವುದು ಹೆಸರು ಮಾತ್ರ. ಜನಪ್ರತಿನಿಧಿಗಳಿಗೆ, ಅಧಿಕಾರಿಗಳಿಗೆ ವಿನಾಯಿತಿ ಕೊಟ್ಟ ದಿನವೇ ಜನರ ನಂಬಿಕೆ ಹೋಯಿತು ಎಂದು ತಿಳಿಯಬೇಕು.

ಬಂದ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ ನ್ಯಾಯ ಅಡಗಿದೆ. ಲಂಡನ್‌ನಲ್ಲಿ ಖರ್ಚು ಕಳೆದು ಉಳಿದ ಹಣವನ್ನು ಸಾರಿಗೆಗೇ ಬಳಸಬೇಕು ಎಂದು ಕಾನೂನು ಹೇಳುತ್ತದೆ. ಸಾಮಾನ್ಯ ಬೊಕ್ಕಸಕ್ಕೆ ಸುರಿದರೆ ಅದು ಇನ್ನೊಂದು ತೆರಿಗೆ ಮಾತ್ರ, ಜನ ಹಾಗೇ ನೋಡುತ್ತಾರೆ, ನೋಡುವುದು ಸರಿ ಕೂಡ.

ಹಾಗಾದರೆ ಶುಲ್ಕದ ಗೋಜೇ ಬೇಡ, ಬಸ್ಸು ಪುಕ್ಕಟೆ ಮಾಡಿದರೆ ಸಾಕಲ್ವಾ? ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್ 2013ರಲ್ಲಿ ತನ್ನ ನಿವಾಸಿಗಳಿಗೆ ಬಸ್ಸು, ಟ್ರಾಮ್ ಪುಕ್ಕಟೆ ಮಾಡಿತು. 2020ರಲ್ಲಿ ಲಕ್ಸೆಂಬರ್ಗ್ ಇಡೀ ದೇಶಕ್ಕೇ ಮಾಡಿತು. ಬಡವರಿಗೆ ಅನುಕೂಲವಾಯಿತು, ಅದು ಸಣ್ಣ ಮಾತಲ್ಲ. ಆದರೆ ಕಾರುಗಳು ರಸ್ತೆ ಬಿಟ್ಟು ಹೋಗಲಿಲ್ಲ. ಕಾರಿನವರು ಬಸ್ಸಿಗೆ ಬರದಿರುವುದು ಟಿಕೆಟ್ ದುಬಾರಿ ಎಂದಲ್ಲ. ಬಸ್ಸು ತಡ, ನೂಕುನುಗ್ಗಲು, ಯಾವಾಗ ಬರುತ್ತದೋ ಗೊತ್ತಿಲ್ಲ ಎಂದು. ಬಸ್ಸು ತಡವಾಗುವುದು ಕಾರುಗಳಿಂದ. ಈ ಸುಳಿಯಿಂದ ಹೊರಬರಬೇಕಾದರೆ ಬಸ್ಸಿಗೆ ಜಾಗ ಕೊಡಬೇಕು, ಅಂದರೆ ಕಾರಿನಿಂದ ಸ್ವಲ್ಪ ಜಾಗ ತೆಗೆಯಲೇಬೇಕು.

ನಿಂತ ಕಾರು, ಕೊಳ್ಳುವ ಕಾರು

ಓಡುವ ಕಾರಿನ ಬಗ್ಗೆ ಇಷ್ಟು ಮಾತಾಡುತ್ತೇವೆ. ಕಾರು ತನ್ನ ಆಯುಷ್ಯದ ಸುಮಾರು ಶೇ 95 ಭಾಗ ನಿಂತೇ ಇರುತ್ತದೆ. ಪಾರ್ಕಿಂಗ್ ಬಗ್ಗೆ ದಶಕಗಟ್ಟಲೆ ಅಧ್ಯಯನ ಮಾಡಿದ ಡೊನಾಲ್ಡ್ ಶೂಪ್ ಇದನ್ನು ಮತ್ತೆ ಮತ್ತೆ ನೆನಪಿಸುತ್ತಿದ್ದರು. ರಸ್ತೆ ಬದಿಯಲ್ಲಿ ಪುಕ್ಕಟೆ ಜಾಗ ಸಿಕ್ಕರೆ ಜನ ಅದನ್ನು ಹುಡುಕುತ್ತಾ ಸುತ್ತುತ್ತಾರೆ, ಆ ಸುತ್ತಾಟವೇ ಜಾಮ್ ಹೆಚ್ಚಿಸುತ್ತದೆ. ಜಪಾನಿನಲ್ಲಿ 1962ರಿಂದ ಒಂದು ಕಾನೂನು ಇದೆ. ಕಾರು ನೋಂದಾಯಿಸಬೇಕಾದರೆ ಅದನ್ನು ನಿಲ್ಲಿಸಲು ರಸ್ತೆಯಿಂದ ಹೊರಗೆ ಜಾಗ ಇದೆ ಎಂದು ತೋರಿಸಬೇಕು, ಅದೂ ಮನೆಯಿಂದ ಎರಡು ಕಿಲೋಮೀಟರ್ ಒಳಗೆ. ಟೋಕಿಯೊದ ಸಣ್ಣ ಬೀದಿಗಳಲ್ಲಿ ನೆಮ್ಮದಿಯಿಂದ ನಡೆಯಲು ಆಗುವುದರ ಹಿಂದೆ ಈ ಕಾನೂನು ಇದೆ. ಪ್ಯಾರಿಸ್ 2024ರ ಅಕ್ಟೋಬರ್‌ನಿಂದ ಹೊರಗಿನಿಂದ ಬರುವ ಭಾರೀ ಎಸ್‌ಯುವಿಗಳಿಗೆ ಪಾರ್ಕಿಂಗ್ ದರ ಮೂರು ಪಟ್ಟು ಮಾಡಿತು, ಊರ ನಡುಭಾಗದಲ್ಲಿ ಗಂಟೆಗೆ 18 ಯೂರೋ. ಶುಲ್ಕದ ಗೇಟು, ಕ್ಯಾಮೆರಾ ಹಾಕಲು ಶಕ್ತಿ ಇಲ್ಲದ ನಗರ ಪಾರ್ಕಿಂಗ್‌ನಿಂದಲೇ ಶುರು ಮಾಡಬಹುದು.

ಕಾರು ಕೊಳ್ಳುವುದಕ್ಕೇ ಮಿತಿ ಹಾಕಿದ ನಗರಗಳೂ ಇವೆ. ಸಿಂಗಪುರದಲ್ಲಿ 1990ರಿಂದ ಹತ್ತು ವರ್ಷದ ಪರವಾನಗಿಯನ್ನು ಹರಾಜಿನಲ್ಲಿ ಕೊಳ್ಳಬೇಕು. 2023ರಲ್ಲಿ ಸಣ್ಣ ಕಾರಿಗೂ ಅದರ ಬೆಲೆ 1 ಲಕ್ಷ ಸಿಂಗಪುರ ಡಾಲರ್ ದಾಟಿತು, ಕಾರಿನ ಬೆಲೆ ಬೇರೆ. ಶಾಂಘೈಯಲ್ಲೂ ಹರಾಜು. ಬೀಜಿಂಗ್‌ನಲ್ಲಿ 2011ರಿಂದ ಲಾಟರಿ. ಇದರ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಅಷ್ಟು ದುಡ್ಡು ಸುರಿದು ಕೊಂಡವರು ಕಾರನ್ನು ಸುಮ್ನೆ ನಿಲ್ಲಿಸುತ್ತಾರಾ? ತಿಂಗಳಿಗೊಮ್ಮೆ ಅಪ್ಪ ಅಮ್ಮನನ್ನು ಊರಿಗೆ ಕರೆದುಕೊಂಡು ಹೋಗಲು ಕಾರು ಇಟ್ಟುಕೊಂಡವರಿಂದ ಯಾರಿಗೂ ತೊಂದರೆ ಇಲ್ಲ. ತೊಂದರೆ ಇರುವುದು ದಟ್ಟಣೆಯ ಹೊತ್ತಿನಲ್ಲಿ, ದಟ್ಟಣೆಯ ಜಾಗದಲ್ಲಿ.

ಎಲೆಕ್ಟ್ರಿಕ್ ಕಾರು ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಭರವಸೆಯನ್ನೂ ಕೇಳುತ್ತೇವೆ. ಹೊಗೆ ಹೋಗುತ್ತದೆ, ಅದು ದೊಡ್ಡ ಲಾಭ. ಆದರೆ ಅದು ನಿಲ್ಲುವ ಜಾಗ ಅಷ್ಟೇ, ಟೈರಿನಿಂದ ಏಳುವ ಧೂಳೂ ಇದ್ದೇ ಇರುತ್ತದೆ. ಬಸ್ಸಿನ ಮುಂದೆ ನಿಂತ ಕಾರು ಯಾವ ಇಂಧನದ್ದಾದರೂ ಬಸ್ಸು ನಿಂತೇ ಇರಬೇಕು.

ಕೇಳುವ ಮೊದಲು ತೋರಿಸಬೇಕು

ಒಳ್ಳೆಯ ಯೋಜನೆಗಳೂ ಬಿದ್ದುಹೋಗಿವೆ. ಹಾಂಗ್‌ಕಾಂಗ್ 1983ರಿಂದ 1985ರವರೆಗೆ ಎಲೆಕ್ಟ್ರಾನಿಕ್ ಶುಲ್ಕದ ಪ್ರಯೋಗ ಮಾಡಿತು. ತಂತ್ರಜ್ಞಾನ ಕೆಲಸ ಮಾಡಿತು. ಆದರೆ ಯಾರು ಯಾವಾಗ ಎಲ್ಲಿಗೆ ಹೋದರು ಎಂದು ಸರ್ಕಾರಕ್ಕೆ ಗೊತ್ತಾಗುತ್ತದೆ ಎಂದು ಜನ ಹೆದರಿದರು, ಯೋಜನೆ ನಿಂತಿತು. ಆ ಹೆದರಿಕೆ ಇವತ್ತಿಗೂ ಸರಿಯಾದದ್ದೇ. ಕ್ಯಾಮೆರಾ ಸೆರೆಹಿಡಿದ ನಂಬರುಗಳನ್ನು ಎಷ್ಟು ದಿನ ಇಡುತ್ತಾರೆ, ಯಾರಿಗೆ ಕೊಡುತ್ತಾರೆ ಎಂಬುದು ಕಾನೂನಿನಲ್ಲಿ ಬರೆದಿರಲೇಬೇಕು. ಬ್ರಿಟನ್ನಿನ ಎಡಿನ್‌ಬರೋದಲ್ಲಿ 2005ರಲ್ಲಿ, ಮ್ಯಾಂಚೆಸ್ಟರ್‌ನಲ್ಲಿ 2008ರಲ್ಲಿ ಶುಲ್ಕ ಬೇಕಾ ಬೇಡವಾ ಎಂದು ಜನರನ್ನು ಕೇಳಿದರು. ಎರಡೂ ಕಡೆ ನಾಲ್ಕರಲ್ಲಿ ಸುಮಾರು ಮೂರು ಪಾಲು ಜನ ಬೇಡ ಎಂದರು. ಸ್ಟಾಕ್‌ಹೋಮ್‌ನವರಿಗೂ ಮೊದಲೇ ಕೇಳಿದ್ದರೆ ಬಹುಶಃ ಅದೇ ಉತ್ತರ ಬರುತ್ತಿತ್ತು. ನಷ್ಟ ಏನೆಂದು ಮೊದಲ ದಿನವೇ ಕಾಣುತ್ತದೆ, ಲಾಭ ಕಾಣಲು ತಿಂಗಳುಗಳು ಬೇಕು. ಆ ತಿಂಗಳುಗಳನ್ನು ಜನರಿಗೆ ಕೊಟ್ಟು ಆಮೇಲೆ ಕೇಳುವುದು ಹೆಚ್ಚು ನ್ಯಾಯ ಎಂದು ನನ್ನ ಅಭಿಪ್ರಾಯ.

ಸ್ಟಾಕ್‌ಹೋಮ್‌ನ ಕಥೆಯಲ್ಲಿ ಒಂದು ಭಾಗವನ್ನು ಹೊಗಳುವವರು ಬಿಟ್ಟುಬಿಡುತ್ತಾರೆ. ಅದೇ ಹೊತ್ತಿಗೆ ಸುತ್ತಲಿನ ಹಲವು ಊರುಗಳು ತಾವೇ ಮತದಾನ ನಡೆಸಿ ಶುಲ್ಕ ಬೇಡ ಎಂದಿದ್ದವು. ನಡುಭಾಗದಲ್ಲಿ ಇರುವವರಿಗೆ ಶಾಂತ ಬೀದಿ ಸಿಕ್ಕಿತು. ಹೊರವಲಯದವರಿಗೆ ಬಿಲ್ ಬಂತು. ಜಗತ್ತಿನ ಎಲ್ಲ ದೊಡ್ಡ ನಗರಗಳಲ್ಲೂ ಈ ಜಗಳ ಇದೆ, ಮುಂದೆ ಇನ್ನೂ ಜೋರಾಗುತ್ತದೆ. ಯಾಕೆಂದರೆ ಬಾಡಿಗೆ ಕಟ್ಟಲಾಗದೆ ದೂರ ಹೋದವರು ಅಲ್ಲಿದ್ದಾರೆ, ಮೆಟ್ರೊ ಮುಗಿಯುವುದು ಅವರ ಮನೆಗಿಂತ ಎಷ್ಟೋ ಮೊದಲು. ಶುಲ್ಕದ ಯೋಜನೆ ಮಾಡುವ ನಗರ ತನ್ನ ಮೊದಲ ಹೊಸ ಬಸ್ಸುಗಳನ್ನು ಅಲ್ಲಿಗೆ ಕಳಿಸಬೇಕು, ಶುಲ್ಕ ಶುರುವಾಗುವುದಕ್ಕಿಂತ ಕನಿಷ್ಠ ಆರು ತಿಂಗಳು ಮೊದಲು. ಯಾವ ಮಾರ್ಗದಲ್ಲಿ ಬಸ್ಸಿನ ವೇಗ ಎಷ್ಟಿತ್ತು, ಈಗ ಎಷ್ಟಾಗಿದೆ ಎಂಬ ಲೆಕ್ಕವನ್ನು ಪ್ರತಿ ತಿಂಗಳೂ ಎಲ್ಲರಿಗೂ ಕಾಣುವಂತೆ ಹಾಕಬೇಕು. ವರ್ಷ ಕಳೆದರೂ ಹೊರವಲಯದ ಬಸ್ಸು ಬೇಗ ಬರುತ್ತಿಲ್ಲವೆಂದಾದರೆ, ಅಲ್ಲಿನವರಿಂದ ಶುಲ್ಕ ವಸೂಲಿ ಮಾಡುವುದನ್ನು ಆ ನಗರ ನಿಲ್ಲಿಸಬೇಕು.